ಎಳೆ ಕಡಿದೊಡನೆ ನಿಲ್ಲುವ ಮಗ್ಗ

ಜಪಾನಿನ ನಗೋಯಾ ನಗರದಲ್ಲಿ, ಹಳೆಯ ನೇಯ್ಗೆ ಕಾರ್ಖಾನೆಯ ಕೆಂಪಿಟ್ಟಿಗೆಯ ಗೋಡೆಗಳನ್ನು ಉಳಿಸಿಕೊಂಡು 1994ರಲ್ಲಿ ತೆರೆದ ಟೊಯೊಟಾ ಸ್ಮಾರಕ ಸಂಗ್ರಹಾಲಯದೊಳಗೆ, 1924ರ ‘ಜಿ’ ಮಾದರಿಯ ಮಗ್ಗವು ಕಿವಿ ಗಡಚಿಕ್ಕುವಂತೆ ಬಡಿಯುತ್ತಿರಲು, ಅದನ್ನು ನಡೆಸಿ ತೋರುತ್ತಿದ್ದ ತರುಣಿಯು ಹಾಸಿನ ಅಸಂಖ್ಯ ಎಳೆಗಳಲ್ಲಿ ಒಂದನ್ನು ಮಾತ್ರ ಕತ್ತರಿಸಿದಳು. ಆ ಎಳೆಯ ಬಿಗುವಿನ ಆಸರೆಯಲ್ಲಿ ನಿಂತಿದ್ದ ತೆಳ್ಳನೆಯ ಲೋಹದ ತುಣುಕು ಜಾರಿಬಿದ್ದಿತು, ಯಂತ್ರ ಸ್ತಬ್ಧವಾಯಿತು. ಆ ನಿಶ್ಶಬ್ದ ಇನ್ನೂ ನನ್ನ ಕಿವಿಯಲ್ಲಿದೆ.

ಈ ಮಗ್ಗವನ್ನು ನಿರ್ಮಿಸಿದ ಸಾಕಿಚಿ ಟೊಯೊಡಾ (ಬಿಡದಿಯ ಟೊಯೊಟಾ ಕಾರು ಕಾರ್ಖಾನೆಯಿಂದ ನಮಗೂ ಪರಿಚಿತವಾದ ಮನೆತನದ ಮೂಲಪುರುಷ) ಬಡಗಿಯ ಮಗ. ತಾಯಿ ಮಗ್ಗದ ಮುಂದೆ ಪಡುತ್ತಿದ್ದ ಆಯಾಸವನ್ನು ಕಂಡು ಬೆಳೆದವನು. 1891ರಲ್ಲಿ ಅವನಿಗೆ ಮೊದಲ ಪೇಟೆಂಟ್ ದೊರೆತದ್ದು ಒಂದೇ ಕೈಯಿಂದ ನಡೆಸಬಹುದಾದ ಮರದ ಮಗ್ಗಕ್ಕೆ. ‘ಜಿ’ ಮಾದರಿಯ ಹಕ್ಕನ್ನಾದರೋ 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಸಂಸ್ಥೆಯೇ ಕೊಂಡಿತು.

ಆದರೆ ನನ್ನ ಮನಸ್ಸನ್ನು ಸೆರೆಹಿಡಿದದ್ದು ಒಂದು ಅಕ್ಷರ. ಸ್ವಯಂಚಾಲನೆಗೆ ಜಪಾನೀಯರು ‘ಜಿದೋಕಾ’ ಎನ್ನುವರು; ಅದರ ನಡುವಣ ಚಿತ್ರಾಕ್ಷರಕ್ಕೆ ‘ಚಲಿಸು’ ಎಂದರ್ಥ. ಈ ಮಗ್ಗದಂತೆ ದೋಷ ಕಂಡೊಡನೆ ತಾನೇ ನಿಲ್ಲುವ ಯಂತ್ರದ ಗುಣವನ್ನು ಹೇಳುವಾಗ ಟೊಯೊಟಾದವರು ಉಚ್ಚಾರಣೆಯನ್ನು ಹಾಗೆಯೇ ಇರಿಸಿಕೊಂಡು, ಆ ಅಕ್ಷರದ ಎಡಮಗ್ಗುಲಿಗೆ ಮನುಷ್ಯನನ್ನು ಸೂಚಿಸುವ ಎರಡು ಗೆರೆಗಳನ್ನು ಕೂಡಿಸಿ ಬರೆಯುತ್ತಾರೆ. ಆಗ ಅದು ‘ದುಡಿ’ ಎಂದಾಗುತ್ತದೆ. ಉಳಿದ ಬಹುಪಾಲು ಅಕ್ಷರಗಳು ಚೀನಾದಿಂದ ಬಂದವಾದರೂ ಈ ಅಕ್ಷರವನ್ನು ಜಪಾನೀಯರು ತಾವೇ ಕಟ್ಟಿಕೊಂಡರು. ಅಂದಿನ ರಾತ್ರಿ ಬಿಡಾರದಲ್ಲಿ ಕುಳಿತು, ಆ ಎರಡು ಗೆರೆಗಳನ್ನು ಒಮ್ಮೆ ಸೇರಿಸಿ, ಒಮ್ಮೆ ಬಿಟ್ಟು, ಕಾಗದದ ತುಂಬ ಬರೆದು ನೋಡಿದೆನು; ಸೇರಿಸಿದಾಗಲೆಲ್ಲ ಯಂತ್ರದ ಪಕ್ಕದಲ್ಲಿ ಯಾರೋ ಬಂದು ನಿಂತಂತೆ ತೋರಿತು.

ನೇಯುವವಳಿಗೆ ಬೇಕಾಗಿದ್ದದ್ದು ವೇಗವೊಂದೇ ಅಲ್ಲ; ಎಲ್ಲಿ ಎಳೆ ಕಡಿದು ಬಟ್ಟೆ ಕೆಡುವುದೋ ಎಂದು ಕಣ್ಣೆವೆಯಿಕ್ಕದೆ ಕಾಯುವ ಕೆಲಸದಿಂದ ಬಿಡುಗಡೆ. ಇಂದು ಕಚೇರಿಗಳೊಳಕ್ಕೆ ಬರುತ್ತಿರುವ ಕೃತಕ ಬುದ್ಧಿಮತ್ತೆಯ ಉಪಕರಣಗಳಲ್ಲಿ ಅನೇಕವು, ಆಧಾರದ ಎಳೆ ಕಡಿದ ಮೇಲೂ ಅದೇ ನಿಸ್ಸಂದೇಹ ಧ್ವನಿಯಲ್ಲಿ ವಾಕ್ಯಗಳನ್ನು ನೇಯುತ್ತಲೇ ಹೋಗುತ್ತವೆ. ಸಾಲುಸಾಲಾಗಿ ಪರೀಕ್ಷಿಸಬೇಕಾದ ಗುಮಾಸ್ತನ ಪಾಲಿಗೆ ಆ ಹಳೆಯ ಕಾವಲೇ ಮರಳಿ ಬಂದಿದೆ. ಪತ್ರವೊಂದನ್ನು ಕ್ಷಣಾರ್ಧದಲ್ಲಿ ಬರೆದುಕೊಟ್ಟಿತೆಂದು ಹೊಗಳುವವರು, ತಿಳಿಯದೆಡೆಯಲ್ಲಿ ಅದು ನಿಂತು ಯಾರನ್ನಾದರೂ ಕರೆಯಿತೇ ಎಂದು ಕೇಳುವುದಿಲ್ಲ. ಟೊಯೊಟಾ ಕಾರ್ಖಾನೆಯಲ್ಲಿ ದೋಷ ಕಂಡ ಯಾವ ಕಾರ್ಮಿಕನೇ ಆಗಲಿ ಹಗ್ಗವನ್ನೆಳೆದು ಜೋಡಣೆಯ ಸಾಲನ್ನೇ ನಿಲ್ಲಿಸಬಲ್ಲನು. ಅಂಥ ಹಗ್ಗವೊಂದು ಗುಮಾಸ್ತನ ಮೇಜಿನ ಬಳಿಯೂ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ತರುಣಿ ಕಡಿದ ಎಳೆಗೆ ಗಂಟುಹಾಕಿದಳು, ಮಗ್ಗ ಮತ್ತೆ ಬಡಿಯತೊಡಗಿತು. ಇನ್ನೊಮ್ಮೆ ಕತ್ತರಿಸಲು ಸಾಧ್ಯವೇ ಎಂದು ಸನ್ನೆಯಿಂದಲೇ ಕೇಳಿದೆನು. ಅವಳು ನಗುತ್ತ ಕತ್ತರಿಯನ್ನೆತ್ತಿಕೊಂಡಳು.