‘ಗರಮ್ ಹವಾ’: ಮನೆ ಯಾರ ಹೆಸರಿನಲ್ಲಿದೆ?

ಮೈಸೂರಿನವರಾದ ಎಂ.ಎಸ್. ಸತ್ಯು ನಿರ್ದೇಶಿಸಿದ ‘ಗರಮ್ ಹವಾ’ (1973) ಆಗ್ರಾದಲ್ಲಿ ನಡೆಯುವ, ಉರ್ದು ಮಾತಿನ ಚಿತ್ರ. ಕನ್ನಡದ ಚರ್ಚೆ ಅದಕ್ಕೊಂದು ನಮಸ್ಕಾರ ಹಾಕಿ, ಅವರ ‘ಬರ’ದತ್ತ ಹೊರಳುವುದೇ ಹೆಚ್ಚು. ಶಿರೂರ ಅನಂತಪಾಳದ ಕಡೆಯಿಂದ ನೋಡಿದರೆ ಆಗ್ರಾ ಅಷ್ಟು ದೂರವಿಲ್ಲ.

ಇಸ್ಮತ್ ಚುಗ್ತಾಯಿ ಅವರ ಕಥೆಯನ್ನು ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆಯಾಗಿಸಿದರು. ದೇಶವಿಭಜನೆಯ ನಂತರ ಅಣ್ಣ ಹಲೀಮ್ ಪಾಕಿಸ್ತಾನಕ್ಕೆ ಹೊರಟುಹೋಗುತ್ತಾನೆ. ಪಾದರಕ್ಷೆಯ ಕಾರಖಾನೆ ನಡೆಸುವ ತಮ್ಮ ಸಲೀಂ ಮಿರ್ಜಾ (ಬಲರಾಜ್ ಸಾಹ್ನಿ) ಇಲ್ಲಿಯೇ ಉಳಿಯುತ್ತಾನೆ. ಹವೇಲಿ ಇರುವುದು ಅಣ್ಣನ ಹೆಸರಿನಲ್ಲಿ. ಕೂಡುಕುಟುಂಬದಲ್ಲಿ ಇದು ವಾಡಿಕೆ: ಮನೆ ಎಲ್ಲರದು, ಹೆಸರು ಹಿರಿಯನದು. ದೇಶ ಬಿಟ್ಟವರ ಆಸ್ತಿಯ ಕಾನೂನಿಗೆ ಆ ವಾಡಿಕೆ ಕಾಣುವುದಿಲ್ಲ, ಹೆಸರಷ್ಟೇ ಕಾಣುತ್ತದೆ.

ಚಿತ್ರದ ತಲೆಮಾರುಗಳ ತಿಕ್ಕಾಟವನ್ನು ಸಾಮಾನ್ಯವಾಗಿ ಹಳಬರ ಜಡತೆ, ಹೊಸಬರ ಚಲನೆ ಎಂದು ವಿವರಿಸುತ್ತಾರೆ. ನನಗೆ ಈ ಓದು ಸಾಲದು. ವೃದ್ಧ ತಾಯಿ ಮನೆ ಬಿಡಲೊಲ್ಲದೆ ಸೌದೆಯ ಕೋಣೆಯಲ್ಲಿ ಅಡಗಿ ಕೂಡುತ್ತಾಳೆ. ಕೊನೆಗಾಲದಲ್ಲಿ ಅವಳನ್ನು ಪಲ್ಲಕ್ಕಿಯಲ್ಲಿ ಅದೇ ಮನೆಗೆ ಹೊತ್ತು ತರುತ್ತಾರೆ. ಅವಳ ಪಾಲಿಗೆ ಮನೆಯೆಂದರೆ ತಾನು ಸೊಸೆಯಾಗಿ ತುಳಿದ ಹೊಸ್ತಿಲು. ಸಲೀಂನಿಗೆ ಅದು ಮನೆತನದ ಮರ್ಯಾದೆ. ಹಿರಿಯ ಮಗ ಬಾಕರ್ ಲೆಕ್ಕ ಹಾಕಿ ಗಡಿ ದಾಟುತ್ತಾನೆ. ಪದವಿ ಪಡೆದೂ ಕೆಲಸ ಸಿಗದ ಕಿರಿಯ ಸಿಕಂದರನಿಗೆ ಬೀದಿಯೇ ಹತ್ತಿರ. ಒಂದೇ ಕಾಗದ ನಾಲ್ವರನ್ನು ನಾಲ್ಕು ದಿಕ್ಕಿಗೆ ತಳ್ಳಿದೆ. ಎರಡು ಬಾರಿ ಮದುವೆಯ ಮಾತು ಮುರಿದು ಪ್ರಾಣ ಬಿಡುವ ಮಗಳು ಅಮೀನಾಳಿಗೆ ದಿಕ್ಕೂ ಇಲ್ಲ.

ನಮ್ಮ ಸೀಮೆಗೆ ಈ ಮಾತು ಹೇಗೆ ಸಲ್ಲುತ್ತದೆ? 1948ರಲ್ಲಿ ಉದಗೀರ, ನಿಲಂಗಾ ಬೀದರ ಜಿಲ್ಲೆಯಲ್ಲಿದ್ದವು, ಉಮರಗಾ ಉಸ್ಮಾನಾಬಾದಿನಲ್ಲಿ. ರಜಾಕಾರರ ಹಾವಳಿಯೂ ಸೆಪ್ಟೆಂಬರ್ 13ರಿಂದ 17ರ ಸೈನಿಕ ಕಾರ್ಯಾಚರಣೆಯ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆಯೂ ಈ ಸೀಮೆಯವೇ. ಆ ಹಿಂಸೆಗೆ ಅತಿ ಹೆಚ್ಚು ತುತ್ತಾದ ಜಿಲ್ಲೆಗಳೆಂದು ಸುಂದರಲಾಲ್ ಸಮಿತಿ ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡಗಳನ್ನು. ಮೊದಲನೆಯ ಹಿಂಸೆಯ ನೆನಪಿಗೆ ವರ್ಷಕ್ಕೊಂದು ದಿನವಿದೆ. ಎರಡನೆಯದು ಮನೆಯೊಳಗೇ ಉಳಿಯಿತು.

1956ರಲ್ಲಿ ಉದಗೀರ, ನಿಲಂಗಾ ಬೀದರದಿಂದ ಬೇರೆಯಾದವು. 1884ರಿಂದ ಸರಕಾರದ ಭಾಷೆಯಾಗಿದ್ದ ಉರ್ದುವಿನ ಜಾಗಕ್ಕೆ ಮರಾಠಿ ಬಂತು. ಅಡುಗೆಮನೆಯ ಕನ್ನಡ ಎರಡೂ ಕಾಲಗಳಲ್ಲಿ ಕಚೇರಿಯ ಹೊರಗೇ ನಿಂತಿತ್ತು. ಅಜ್ಜ ಸಹಿ ಹಾಕಿದ ಉರ್ದು ದಸ್ತಾವೇಜನ್ನು ಮರಾಠಿ ಶಾಲೆ ಕಲಿತ ಮೊಮ್ಮಗ ಓದಲಾರ. ಇಲ್ಲಿನ ತಲೆಮಾರುಗಳ ಬಿರುಕನ್ನು ನಾವು ಭಾಷಾಭಿಮಾನದ ಪ್ರಶ್ನೆಯಾಗಿ ಚರ್ಚಿಸುತ್ತ ಬಂದಿದ್ದೇವೆ. ಆಸ್ತಿಪತ್ರದ ಪ್ರಶ್ನೆಯಾಗಿ ಕೇಳಿದ್ದು ಕಡಿಮೆ.

ಕೊನೆಯ ದೃಶ್ಯದಲ್ಲಿ ಸಲೀಂ ಪಾಕಿಸ್ತಾನಕ್ಕೆಂದು ಟಾಂಗಾ ಏರಿದ್ದಾನೆ. ದಾರಿಯಲ್ಲಿ ಉದ್ಯೋಗ ಕೇಳುವ ಮೆರವಣಿಗೆ ಎದುರಾಗುತ್ತದೆ. ಸಿಕಂದರ್ ಇಳಿದು ಸೇರುತ್ತಾನೆ. ತುಸು ಹೊತ್ತಿನ ಮೇಲೆ ಹೆಂಡತಿಯನ್ನು ಮನೆಗೆ ಮರಳಿ ಕಳಿಸಿ ತಂದೆಯೂ ಇಳಿಯುತ್ತಾನೆ. ಅವಳು ಮರಳುವುದು ಬಾಡಿಗೆ ಮನೆಗೆ. ಹವೇಲಿಯಂತೂ ಅವರಿಗೆ ಮತ್ತೆ ದಕ್ಕುವುದಿಲ್ಲ.