ತಂತ್ರಾಂಶ ನಡೆದರಷ್ಟೇ ಸಾಲದು, ಸರಿಯಾಗಿ ನಿಲ್ಲಲೂ ಬೇಕು

ತೂಕದ ಯಂತ್ರ, ಬಾರ್‌ಕೋಡ್ ಸ್ಕ್ಯಾನರ್ ಹಾಗೂ ಶಾಖಾ ಮಳಿಗೆಗಳಿಂದ ಬರುವ ಮಾಹಿತಿಯನ್ನು ಏಕಕಾಲದಲ್ಲಿ ಸ್ವೀಕರಿಸಿ ದಾಸ್ತಾನು ಲೆಕ್ಕಕ್ಕೆ ಏರಿಸುವ ತಂತ್ರಾಂಶಗಳು ಇಂದು ಸಣ್ಣ ಉದ್ದಿಮೆಗಳಲ್ಲಿಯೂ ಬಳಕೆಯಲ್ಲಿವೆ. ಇವುಗಳನ್ನು ಸಿದ್ಧಪಡಿಸಿಕೊಳ್ಳುವಾಗ ‘ಕೆಲಸ ಮಾಡುತ್ತದೆಯೇ?’ ಎಂದು ಎಲ್ಲರೂ ಪರೀಕ್ಷಿಸುತ್ತಾರೆ. ‘ಕೆಲಸದ ನಡುವೆ ನಿಲ್ಲಿಸಿದರೆ ಏನಾಗುತ್ತದೆ?’ ಎಂದು ಕೇಳುವವರು ವಿರಳ. ಇಪ್ಪತ್ತು ಚೀಲ ಒಳಬಂದುದು ನಮೂದಾಗಿ, ಅವುಗಳ ತೂಕ ನಮೂದಾಗದೆ ಉಳಿದರೆ ನಷ್ಟ ಯಾರಿಗೆಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಸೂಚನೆಯೇ ಹೊರತು ಬಲವಂತವಲ್ಲ

ಒಂದೇ ತಂತ್ರಾಂಶದೊಳಗೆ ಜೊತೆಜೊತೆಯಾಗಿ ಸಾಗುವ ಕೆಲಸದ ಎಳೆಗಳಿಗೆ ‘ಥ್ರೆಡ್’ ಎಂದೂ, ಸಾಲಾಗಿ ಹರಿದುಬರುವ ದತ್ತಾಂಶಕ್ಕೆ ‘ಸ್ಟ್ರೀಮ್’ ಎಂದೂ ಹೆಸರು. 1996ರಲ್ಲಿ ಬಿಡುಗಡೆಯಾದ ಜಾವಾ ಭಾಷೆಯಲ್ಲಿ ಥ್ರೆಡ್ಡನ್ನು ಬಲವಂತವಾಗಿ ನಿಲ್ಲಿಸುವ ‘ಸ್ಟಾಪ್’ ಆದೇಶವಿತ್ತು. ಅದು ದತ್ತಾಂಶವನ್ನು ಅರೆಬರೆಯಾಗಿ ಬಿಡುವ ಅಪಾಯವಿದ್ದುದರಿಂದ 1998ರಲ್ಲಿ ಅದನ್ನು ಬಳಸಬಾರದೆಂದು ಸೂಚಿಸಲಾಯಿತು. 2023ರಲ್ಲಿ ಬಂದ 20ನೆಯ ಆವೃತ್ತಿಯಿಂದ ಅದು ಥ್ರೆಡ್ಡನ್ನು ನಿಲ್ಲಿಸುವುದೇ ಇಲ್ಲ. ಬಳಸಬೇಕಾದುದು ‘ಇಂಟರಪ್ಟ್’. ಇದು ಕಾರ್ಖಾನೆಯಲ್ಲಿ ಪಾಳಿ ಮುಗಿದಾಗ ಬಾರಿಸುವ ಗಂಟೆಯಂತೆ; ಗಂಟೆ ಯಂತ್ರವನ್ನು ನಿಲ್ಲಿಸದು, ಕೇಳಿಸಿಕೊಂಡ ಕೆಲಸಗಾರನೇ ನಿಲ್ಲಿಸಬೇಕು.

ಮೂರು ಲೋಪಗಳು

ಮೊದಲನೆಯದಾಗಿ, ಕಾಯುತ್ತಿರುವ ಥ್ರೆಡ್ಡಿಗೆ ಸೂಚನೆ ತಲುಪಿದೊಡನೆ ಅದರ ಗುರುತು ಅಳಿಸಿಹೋಗುತ್ತದೆ. ತಂತ್ರಾಂಶ ಬರೆದವರು ಸೂಚನೆಯನ್ನು ಸ್ವೀಕರಿಸಿ ಸುಮ್ಮನಾದರೆ ಮುಂದಿನ ಹಂತಕ್ಕೆ ಅದು ತಿಳಿಯುವುದೇ ಇಲ್ಲ. ಎರಡನೆಯದಾಗಿ, ಹಳೆಯ ಕ್ರಮದ ಜಾಲ ಸಂಪರ್ಕದಲ್ಲಿ ದತ್ತಾಂಶಕ್ಕಾಗಿ ಕಾಯುತ್ತಿರುವ ಸಾಮಾನ್ಯ ಥ್ರೆಡ್ ಸೂಚನೆಗೆ ಓಗೊಡುವುದಿಲ್ಲ. ಆ ಸಂಪರ್ಕವನ್ನೇ ಮುಚ್ಚಬೇಕಾಗುತ್ತದೆ. ಮೂರನೆಯದಾಗಿ, 2002ರಲ್ಲಿ ಬಂದ ‘ಚಾನೆಲ್’ ಕ್ರಮದಲ್ಲಿ ಇದಕ್ಕೆ ವ್ಯತಿರಿಕ್ತವಾಗಿ, ಓದುವ ಅಥವಾ ಬರೆಯುವ ನಡುವೆ ಸೂಚನೆ ಬಂದರೆ ಚಾನೆಲ್ಲೇ ಮುಚ್ಚಿಹೋಗುತ್ತದೆ. ಅದನ್ನೇ ಹಂಚಿಕೊಂಡಿರುವ ಇತರ ಥ್ರೆಡ್‌ಗಳ ಕೆಲಸವೂ ಕೆಡುತ್ತದೆ.

ಪರೀಕ್ಷೆಯ ಕ್ರಮ

ಸೂಚನೆಯನ್ನು ನಾಲ್ಕು ಸಂದರ್ಭಗಳಲ್ಲಿ ನೀಡಿ ನೋಡಬೇಕು: ಕೆಲಸ ಆರಂಭವಾಗುವ ಮುನ್ನ, ದತ್ತಾಂಶಕ್ಕಾಗಿ ಕಾಯುತ್ತಿರುವಾಗ, ನಮೂದನ್ನು ಬರೆಯುವ ನಡುವೆ, ಹಾಗೂ ಕಡತ ಮುಚ್ಚುವಾಗ. ಪ್ರತಿ ಬಾರಿಯೂ ಥ್ರೆಡ್ ಗೊತ್ತುಪಡಿಸಿದ ಅವಧಿಯೊಳಗೆ ನಿಂತಿತೇ, ಕಡತ ಹಾಗೂ ಸಂಪರ್ಕಗಳು ಮುಚ್ಚಿದವೇ, ಅರ್ಧ ನಮೂದು ಉಳಿಯಿತೇ, ಪುನಃ ಆರಂಭಿಸಿದಾಗ ಒಂದೇ ನಮೂದು ಎರಡು ಬಾರಿ ಏರಿತೇ ಎಂಬುದನ್ನು ಪರಿಶೀಲಿಸಬೇಕು. ‘ಎರಡು ಸೆಕೆಂಡು ಕಾದು ಸೂಚನೆ ಕೊಡು’ ಎಂಬ ಅಂದಾಜು ಸಲ್ಲದು. ಥ್ರೆಡ್ ಆ ಹಂತ ತಲುಪಿರುವುದನ್ನು ಖಚಿತಪಡಿಸಿಕೊಂಡೇ ನೀಡಬೇಕು. ಥ್ರೆಡ್‌ಗಳ ಗತಿ ಪ್ರತಿ ಬಾರಿಯೂ ಒಂದೇ ಆಗಿರದ ಕಾರಣ ಒಮ್ಮೆ ಗೆದ್ದ ಪರೀಕ್ಷೆ ಪ್ರಮಾಣವಾಗದು. ನೂರಾರು ಬಾರಿ ನಡೆಸಬೇಕು. ಪರೀಕ್ಷೆಗೂ ಕಾಲಮಿತಿ ಇರಬೇಕು. ಇಲ್ಲದಿದ್ದರೆ ನಿಲ್ಲದ ಥ್ರೆಡ್ಡಿನೊಡನೆ ಪರೀಕ್ಷೆಯೂ ಕಾಯುತ್ತಲೇ ಇರುತ್ತದೆ. ವಿದ್ಯುತ್ ಕಡಿತವಾದಾಗ ಸೂಚನೆಯೇ ಬಾರದಾದ್ದರಿಂದ ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದು ಅಗತ್ಯ.

ಖರೀದಿದಾರರು ಸಂಕೇತಗಳನ್ನು ಓದಬೇಕಾಗಿಲ್ಲ. ಈ ಪರೀಕ್ಷೆಗಳನ್ನು ಖರೀದಿ ಆದೇಶದಲ್ಲಿಯೇ ಷರತ್ತಾಗಿ ಸೇರಿಸಿ, ತಮ್ಮೆದುರು ನಡೆಸಿ ತೋರಿಸಿದ ನಂತರವೇ ಬಾಕಿ ಹಣ ಪಾವತಿಸುವುದು ವಿಹಿತ. ಯಂತ್ರ ಕೊಳ್ಳುವಾಗ ಅದನ್ನು ಚಾಲೂ ಮಾಡಿ ನೋಡುವುದರ ಜೊತೆಗೆ ನಿಲ್ಲಿಸಿಯೂ ನೋಡುವ ಉದ್ಯಮಿಗಳು ತಂತ್ರಾಂಶದ ವಿಷಯದಲ್ಲಿಯೂ ಅದೇ ಎಚ್ಚರ ವಹಿಸಲಿ.