ಪಾರ್ಕಿನಲ್ಲಿ ನಾಯಿಗೂ ಪಾಲುಂಟೆ?

ಈ ಲೇಖನದ ವಿಷಯವನ್ನು ತಿಳಿಸಿದಾಗ ನನ್ನ ಮಿತ್ರರು ಮನಸಾರೆ ನಕ್ಕರು. “ನಮ್ಮೂರಿನಲ್ಲಿ ಹುಡುಗರಿಗೇ ಆಟದ ಬಯಲಿಲ್ಲ, ನೀನು ನಾಯಿಗಳ ಪಾರ್ಕಿನ ಮೇಲೆ ಬರೆಯಹೊರಟೆಯಲ್ಲ ಮಾರಾಯ!” ಎಂದ ಶಿವಮೊಗ್ಗೆಯ ಕಡೆಯ ಗೆಳೆಯನೊಬ್ಬ. ನಗುವಂಥ ವಿಷಯವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಇದರ ಹಿಂದಿರುವ ಜಗಳ ನಾಯಿಗಳದ್ದಲ್ಲ, ಮನುಷ್ಯರದ್ದು. ಅದೂ ಓದುಬರಹ ಬಲ್ಲ, ಒಳ್ಳೆಯ ಮನಸ್ಸಿನ ಮನುಷ್ಯರದ್ದು. ಅಂಥವರು ಎರಡು ಪಂಗಡವಾಗಿ ನಿಂತರೆಂದರೆ ಅದರಲ್ಲಿ ಏನೋ ವಿಚಾರವಿರಲೇಬೇಕಷ್ಟೆ.

ನನಗೆ ಈ ವಿಷಯದ ಗಂಟು ಬಿದ್ದುದು ಹೊಟ್ಟೆಪಾಡಿನಿಂದ. ನಾನು ಬಾಡಿಗೆಗಿರುವುದು ಸಂಪಂಗಿರಾಮನಗರದ ಒಂದು ಮಾಳಿಗೆಯ ಕೋಣೆಯಲ್ಲಿ. ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು. ಅವರಿಗೆ ಮಂಡಿನೋವು, ಅವರ ನಾಯಿಗೆ ನಾಲ್ಕು ಕಾಲೂ ಗಟ್ಟಿ. “ಲೋ ಮಗು, ಬೆಳಗ್ಗೆ ಇವನನ್ನ ಒಂದು ಸುತ್ತು ಹಾಕಿಸಿಕೊಂಡು ಬಾ, ಬಾಡಿಗೇಲಿ ಹಿಡಿದುಕೋ” ಎಂದರು. ಅಂದಿನಿಂದ ಎರಡು ವರ್ಷವಾಯಿತು, ರಾಜ ಎಂಬ ಆ ನಾಯಿಯೂ ನಾನೂ ಬೆಳಗಿನ ಆರು ಗಂಟೆಗೆ ಕಬ್ಬನ್ ಪಾರ್ಕಿನಲ್ಲಿರುತ್ತೇವೆ. ಯಾರು ಯಾರನ್ನು ಸುತ್ತಾಡಿಸುತ್ತಾರೆಂಬುದು ಆಯಾ ದಿನದ ಹವೆಯನ್ನು ಅವಲಂಬಿಸಿದೆ.

ನಾಯಿಗಳ ಪಾರ್ಕೆಂದರೇನೆಂದು ಮೊದಲು ಹೇಳಬೇಕು. ಸುತ್ತ ಬೇಲಿ ಹಾಕಿದ ಒಂದು ತುಂಡು ನೆಲ. ಹೊರಗೆ ಸರಪಳಿ ಹಿಡಿದೇ ನಡೆಸಬೇಕಾದ ನಾಯಿಯನ್ನು ಅದರೊಳಗೆ ಬಿಚ್ಚಿಬಿಡಬಹುದು. ಅದು ಓಡಬಹುದು, ಬೇರೆ ನಾಯಿಗಳೊಡನೆ ಹೊರಳಾಡಬಹುದು. ಹಿತ್ತಿಲು, ಜಗಲಿ, ಹೊಲಗಳಿದ್ದ ಕಾಲದಲ್ಲಿ ಇದರ ಅಗತ್ಯ ಯಾರಿಗೂ ಕಾಣಲಿಲ್ಲ. ಮೂರನೆಯ ಅಂತಸ್ತಿನ ಎರಡು ಕೋಣೆಗಳಲ್ಲಿ ಬೆಳೆದ ನಾಯಿಗೆ, ಬೀದಿಗಿಳಿದರೆ ಮೋಟಾರುಗಳ ಭಯವಿರುವ ಊರಿನಲ್ಲಿ, ಓಡುವುದಕ್ಕೊಂದು ನೆಲ ಬೇಕೆಂಬುದು ನ್ಯಾಯವಾದ ಕೋರಿಕೆಯೇ ಸರಿ. ಬಿಚ್ಚಿದಾಗ ರಾಜ ಓಡುವುದನ್ನು ಕಂಡ ನಾನು ಇದಕ್ಕೆ ಎದುರು ಹೇಳಲಾರೆ. ನಮ್ಮ ಕಬ್ಬನ್ ಪಾರ್ಕಿನೊಳಗೇ ಇಂಥ ಬೇಲಿಯ ಆವರಣವೊಂದನ್ನು ಈಚಿನ ವರ್ಷಗಳಲ್ಲಿ ಮಾಡಿದ್ದಾರೆ.

ಈ ಬಗೆಯ ಪಾರ್ಕುಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಹೆಸರಿಸುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಬರ್ಕ್ಲಿ ನಗರದ ಓಲೋನಿ ಪಾರ್ಕಿನದನ್ನು. ಅದು 1979ರಲ್ಲಿ ಪ್ರಯೋಗವಾಗಿ ಆರಂಭವಾಯಿತು. ಅದರಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯುಂಟು. ಆ ನೆಲ ಕಾಡಾಗಿರಲಿಲ್ಲ, ತೋಪಾಗಿರಲಿಲ್ಲ. ನೆಲದಡಿಯ ರೈಲುಮಾರ್ಗಕ್ಕಾಗಿ ಮನೆಗಳನ್ನು ಕೆಡವಿ, ಅಗೆದು, ಮತ್ತೆ ಮುಚ್ಚಿದ ಜಾಗ ಅದು. ಹಾಳಾಗಬೇಕಾದುದೆಲ್ಲ ಮೊದಲೇ ಹಾಳಾಗಿತ್ತು. ನಾಯಿಗಳು ಬಂದುದರಿಂದ ಅಲ್ಲಿ ಜೀವ ಬಂದಿತೇ ಹೊರತು ಹೋಗಲಿಲ್ಲ. ಮುಂದೆ ಈ ಕಲ್ಪನೆ ಊರೂರಿಗೆ ಹರಡಿದಾಗ, ಅಗೆದು ಮುಚ್ಚಿದ ನೆಲವನ್ನು ಹುಡುಕುವ ತೊಂದರೆಯನ್ನು ಎಲ್ಲರೂ ತೆಗೆದುಕೊಳ್ಳಲಿಲ್ಲ. ಪಾರ್ಕು ಇದ್ದೇ ಇದೆ, ಅದರ ಒಂದು ಮೂಲೆ ಸಾಕು ಎಂದರು. ಜಗಳ ಹುಟ್ಟಿದುದು ಆ ಮೂಲೆಯಲ್ಲಿ.

ನಮ್ಮ ಊರಿನ ಜಗಳ ಬಹಳ ಜೋರಾದುದು 2022ರಲ್ಲಿ. ಆ ವರ್ಷ ಸಾಕುನಾಯಿಗಳನ್ನು ಕಬ್ಬನ್ ಪಾರ್ಕಿನೊಳಕ್ಕೆ ಬಿಡಲೇಬಾರದೆಂಬ ಪ್ರಸ್ತಾಪ ತೋಟಗಾರಿಕೆ ಇಲಾಖೆಯ ಮುಂದಿತ್ತು. ಜನರು ಸರಪಳಿಯಿಲ್ಲದೆ ನಾಯಿಗಳನ್ನು ಬಿಡುತ್ತಾರೆ, ಅವು ನಡೆದಾಡುವವರ ಮೇಲೆ ಹಾರುತ್ತವೆ, ಹೊಲಸನ್ನು ಯಾರೂ ತೆಗೆಯುವುದಿಲ್ಲ ಎಂಬ ದೂರುಗಳಿದ್ದುವು. ನಾಯಿ ಸಾಕಿದವರು ಸುಮ್ಮನಿರಲಿಲ್ಲ. ತಪ್ಪು ಮಾಡಿದವನಿಗೆ ದಂಡ ಹಾಕಿ, ಎಲ್ಲರನ್ನೂ ಏಕೆ ಹೊರಗಟ್ಟುತ್ತೀರಿ ಎಂದು ಕೇಳಿದರು. ಬೀದಿನಾಯಿಗಳು ಹೇಗೂ ಒಳಗಿರುತ್ತವಲ್ಲ, ಚುಚ್ಚುಮದ್ದು ಹಾಕಿಸಿಕೊಂಡ ನಮ್ಮ ನಾಯಿ ಏನು ಪಾಪ ಮಾಡಿತು ಎಂದರು. ಈ ಎರಡನೆಯ ಮಾತು ಚೆನ್ನಾಗಿಯೇ ಇದೆ. 2023ರ ಗಣತಿಯಂತೆ ಬೆಂಗಳೂರಿನ ಬೀದಿನಾಯಿಗಳೇ ಸುಮಾರು 2.79 ಲಕ್ಷ. ಕೊನೆಗೆ ನಿಷೇಧ ಜಾರಿಗೆ ಬರಲಿಲ್ಲ. ಜಗಳವೂ ಮುಗಿಯಲಿಲ್ಲ.

ನಾನು ಆಗ ನಿಸ್ಸಂದೇಹವಾಗಿ ನಾಯಿಯ ಪಕ್ಷದವನು. ಬಾಡಿಗೆಯಲ್ಲಿ ಹಣ ಮುರಿಯುತ್ತಿತ್ತಲ್ಲ! ನನ್ನ ಪಕ್ಷ ಸ್ವಲ್ಪ ಅಲುಗಾಡಿದುದು ಕಳೆದ ವರ್ಷ, ನನ್ನದೇ ತಪ್ಪಿನಿಂದ. ಒಂದು ದಿನ ಬೇಲಿಯವರೆಗೆ ಹೋಗಲು ಸೋಮಾರಿತನವಾಗಿ, ಜನರಿಲ್ಲದ ಒಂದು ಕಡೆ ರಾಜನ ಸರಪಳಿಯನ್ನು ಬಿಚ್ಚಿದೆ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ: ಒಣಗಿದ ಎಲೆ, ಅರ್ಧ ಬೆಳೆದ ಹುಲ್ಲು, ಒಂದು ಪೊದೆ. ರಾಜ ನುಗ್ಗಿದ ಕೂಡಲೇ ಆ ಏನೂ ಇಲ್ಲದ ಜಾಗದಿಂದ ಏಳೆಂಟು ಗೊರವಂಕಗಳು ಎದ್ದುವು, ಒಂದು ಕೆಂಬೂತ ಭಾರವಾಗಿ ರೆಕ್ಕೆ ಬಡಿದು ಮೇಲಿನ ಕೊಂಬೆಗೆ ಹೋಯಿತು, ಅಳಿಲುಗಳು ಕೂಗಿಕೊಂಡುವು, ಒಂದು ಮುಂಗುಸಿ ದಾರಿಗಡ್ಡವಾಗಿ ಓಡಿತು. ಎಲೆ ಗುಡಿಸುತ್ತಿದ್ದ ಹೆಂಗಸೊಬ್ಬಳು ಪೊರಕೆಯನ್ನು ನಿಲ್ಲಿಸಿ, “ಖಾಲಿ ಅಂದ್ಕೊಂಡ್ಯಾ ತಮ್ಮ? ಹಿಡಕೋ ಅದನ್ನ” ಎಂದಳು. ನಾನು, “ತಪ್ಪಾಯ್ತು ಅಮ್ಮ” ಎಂದೆ. ಅವಳು ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಆ ಮೇಲೆ ಈ ವಿಷಯವನ್ನು ಸ್ವಲ್ಪ ಓದಿದೆ. ಆಸ್ಟ್ರೇಲಿಯದ ಸಿಡ್ನಿ ನಗರದ ಹೊರವಲಯದ ಕುರುಚಲು ಕಾಡುಗಳಲ್ಲಿ ಇಬ್ಬರು ವಿಜ್ಞಾನಿಗಳು ಮಾಡಿದ ಪರೀಕ್ಷೆಯೊಂದು 2007ರಲ್ಲಿ ಪ್ರಕಟವಾಯಿತು. ಸರಪಳಿ ಹಾಕಿದ ನಾಯಿಯನ್ನು ಕಾಲುದಾರಿಯಲ್ಲಿ ನಡೆಸಿದಾಗ ಅಲ್ಲಿ ಕಾಣುವ ಹಕ್ಕಿಗಳ ಬಗೆಗಳಲ್ಲಿ ನೂರಕ್ಕೆ 35ರಷ್ಟು, ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ 41ರಷ್ಟು ಇಳಿತವಾಯಿತಂತೆ. ಮನುಷ್ಯನೊಬ್ಬನೇ ನಡೆದರೆ ಆಗುವ ಇಳಿತ ಇದಕ್ಕಿಂತ ಬಹಳ ಕಡಿಮೆ. ದಿನವೂ ನಾಯಿಗಳು ಬರುವ ದಾರಿಯಲ್ಲಾದರೂ ಹಕ್ಕಿಗಳು ಒಗ್ಗಿಹೋಗಿರಬೇಕೆಂದು ನಾನು ಊಹಿಸಿದ್ದೆ. ಅಲ್ಲಿಯೂ ಅವು ಒಗ್ಗಿರಲಿಲ್ಲ. ನಮ್ಮ ಪಾರ್ಕಿನ ಗೊರವಂಕ ಸಿಡ್ನಿಯ ಕಾಡುಹಕ್ಕಿಯಲ್ಲ, ಅದು ಬಸ್ಸಿನ ಕೆಳಗೂ ಕಾಳು ಹೆಕ್ಕುವ ಗಟ್ಟಿಗ. ಆದುದರಿಂದ ಆ ಅಂಕೆಗಳನ್ನು ತಂದು ಇಲ್ಲಿ ಹಾಗೆಯೇ ಅಂಟಿಸುವುದು ಸರಿಯಲ್ಲ. ನಾಯಿ ಕಂಡರೆ ನೆಲದ ಹಕ್ಕಿ ಮೇಲೇಳುತ್ತದೆ ಎಂಬಷ್ಟನ್ನು ಮಾತ್ರ ನಾನೇ ಕಣ್ಣಾರೆ ಕಂಡಿದ್ದೇನೆ.

ಹೊಲಸಿನ ವಿಷಯವೂ ಮೂಗು ಮುಚ್ಚಿಕೊಳ್ಳುವುದರೊಡನೆ ಮುಗಿಯುವುದಿಲ್ಲ. ಬೆಲ್ಜಿಯಂ ದೇಶದ ಘೆಂಟ್ ನಗರದ ಬಳಿಯ ರಕ್ಷಿತ ನಿಸರ್ಗಧಾಮಗಳಲ್ಲಿ ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದುಂಟು. ಅಲ್ಲಿ ನಾಯಿಗಳ ಮಲಮೂತ್ರದಿಂದ ವರ್ಷಕ್ಕೆ ಒಂದು ಹೆಕ್ಟೇರಿಗೆ ಸುಮಾರು 11 ಕಿಲೋ ಸಾರಜನಕವೂ 5 ಕಿಲೋ ರಂಜಕವೂ ಬೀಳುತ್ತಿದ್ದುವು. ಗೊಬ್ಬರ ಬಿದ್ದರೆ ಒಳ್ಳೆಯದಲ್ಲವೇ ಎಂದು ರೈತನ ಮಗನಾದ ನನಗೆ ಮೊದಲು ಅನಿಸಿತು. ಹೊಲಕ್ಕೆ ಒಳ್ಳೆಯದು. ಆದರೆ ಬಡ ಮಣ್ಣಿನಲ್ಲಿ ತಾನಾಗಿ ಬೆಳೆಯುವ ಹತ್ತಾರು ಬಗೆಯ ಸಣ್ಣ ಗಿಡಗಳಿಗೆ ಅದು ಆಗಿಬರುವುದಿಲ್ಲ. ಗೊಬ್ಬರ ಸಿಕ್ಕಿದೊಡನೆ ನಾಲ್ಕು ಪುಂಡ ಗಿಡಗಳು ಎದ್ದು ಮಿಕ್ಕವನ್ನು ತುಳಿದುಬಿಡುತ್ತವೆ. ಬೇಲಿಯೊಳಗಿನ ಕಥೆ ಇನ್ನೂ ಸರಳ. ಒಂದೇ ತುಂಡು ನೆಲದ ಮೇಲೆ ದಿನವೂ ಅಷ್ಟೊಂದು ಕಾಲುಗಳು ಓಡಿದರೆ ಮಣ್ಣು ಗಟ್ಟಿಯಾಗುತ್ತದೆ, ಹುಲ್ಲು ಸಾಯುತ್ತದೆ, ಮಳೆಯ ನೀರು ಇಂಗದೆ ಹರಿದುಹೋಗುತ್ತದೆ. ಹಾಗೆಂದು ಬೇಲಿಯೇ ಬೇಡವೆಂದರೆ ಅದೇ ಕಾಲುಗಳು ಇಡೀ ಪಾರ್ಕಿನ ತುಂಬ ಓಡುತ್ತವೆ. ಇದನ್ನು ವಿರೋಧಿಗಳು ಮರೆಯುವುದುಂಟು.

ಇಂಥ ಜಗಳ ಎಷ್ಟು ಕಾಲ ಎಳೆಯಬಹುದೆಂಬುದಕ್ಕೆ ಮತ್ತೆ ಕ್ಯಾಲಿಫೋರ್ನಿಯಾಕ್ಕೇ ಹೋಗಬೇಕು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಡಲ ತೀರವನ್ನು 1972ರಲ್ಲಿ ಗೋಲ್ಡನ್ ಗೇಟ್ ರಾಷ್ಟ್ರೀಯ ವಿಹಾರ ಪ್ರದೇಶವೆಂದು ಸಾರಿದರು. 1979ರ ನೀತಿಯೊಂದು ಅಲ್ಲಿನ ಕೆಲವು ಕಡೆ ನಾಯಿಗಳನ್ನು ಬಿಚ್ಚಿಬಿಡಲು ಎಡೆಗೊಟ್ಟಿತು. ಆದರೆ ಆ ಮರಳಿನ ಮೇಲೆ ಚಳಿಗಾಲ ಕಳೆಯಲು ಬರುವ ಪ್ಲೋವರ್ ಎಂಬ ಪುಟ್ಟ ಹಕ್ಕಿಯೊಂದಿದೆ; 1993ರಲ್ಲಿ ಅದನ್ನು ಅಪಾಯದಲ್ಲಿರುವ ಜೀವಿಯೆಂದು ಸರಕಾರ ಪಟ್ಟಿಗೆ ಸೇರಿಸಿತು. 2001ರಲ್ಲಿ ಅಧಿಕಾರಿಗಳು ಸರಪಳಿ ಕಡ್ಡಾಯವೆಂದರು. ಜನರನ್ನು ಕ್ರಮವಾಗಿ ಕೇಳದೆ ಹೀಗೆ ಮಾಡಬಾರದೆಂದು 2005ರಲ್ಲಿ ನ್ಯಾಯಾಲಯ ಹೇಳಿತು. ಕೇಳಿದರು, ಕೇಳಿದರು, ವರ್ಷಗಟ್ಟಲೆ ಕೇಳಿದರು. 2016ರಲ್ಲಿ ಹೊಸ ನಿಯಮದ ಕರಡು ಬಂದಿತು. 2017ರಲ್ಲಿ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ನಾಯಿಗಳ ಎಷ್ಟು ತಲೆಮಾರು ಕಳೆದುವೋ!

ಇನ್ನು ನಮ್ಮ ಪಾರ್ಕಿಗೇ ಬರೋಣ. ಇದನ್ನು 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯವರು ಸುಮಾರು 100 ಎಕರೆಯಲ್ಲಿ ರೂಪಿಸಿದರು. ಆಗಿನ ಹೆಸರು ಮೀಡ್ಸ್ ಪಾರ್ಕು; 1927ರಿಂದ ಅಧಿಕೃತವಾಗಿ ಶ್ರೀ ಚಾಮರಾಜೇಂದ್ರ ಉದ್ಯಾನ. ಕಾಲಕ್ರಮದಲ್ಲಿ ಇದು ಬೆಳೆಯಿತು. ಇದರೊಳಗೆ ಮತ್ತು ಅಂಚಿನಲ್ಲಿ ಇರುವುದನ್ನು ಒಮ್ಮೆ ನೋಡಿ: ಸರಕಾರಿ ವಸ್ತುಸಂಗ್ರಹಾಲಯ, 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯ, 1917ರ ಸೆಂಚುರಿ ಕ್ಲಬ್ಬು, ಟೆನಿಸ್ ಅಂಕಣ, ಬಾಲಭವನ, ವೆಂಕಟಪ್ಪ ಚಿತ್ರಶಾಲೆ, ಮತ್ಸ್ಯಾಗಾರ. ಇವುಗಳಲ್ಲಿ ಯಾವುದನ್ನು ಕೆಟ್ಟದೆನ್ನೋಣ? ಆ ಗ್ರಂಥಾಲಯದಲ್ಲಿ ಕುಳಿತೇ ನಾನು ಪರೀಕ್ಷೆಗೆ ಓದಿದ್ದೇನೆ. ಪಾರ್ಕುಗಳನ್ನು ಉಳಿಸಬೇಕೆಂದು ಸರಕಾರ 1975ರಲ್ಲಿ ಒಂದು ಕಾನೂನನ್ನೇ ಮಾಡಬೇಕಾಯಿತೆಂದರೆ, ಅದು ಕೆಟ್ಟವರ ಭಯದಿಂದ ಮಾತ್ರ ಎಂದು ನನಗೆ ತೋರುವುದಿಲ್ಲ. ಒಳ್ಳೆಯ ಕೋರಿಕೆಗಳ ಸಾಲು ಬಹಳ ಉದ್ದವಾಗಿತ್ತು. ನಾನು ವಾಸಿಸುವ ಸಂಪಂಗಿರಾಮನಗರಕ್ಕೆ ಹೆಸರು ಕೊಟ್ಟ ಸಂಪಂಗಿ ಕೆರೆ ಎಲ್ಲಿದೆಯೆಂದು ಕೇಳಿದರೆ ಯಜಮಾನರು ಕಂಠೀರವ ಕ್ರೀಡಾಂಗಣದ ಕಡೆ ಕೈ ತೋರಿಸುತ್ತಾರೆ. ಕರಗದ ಶಾಸ್ತ್ರಕ್ಕೆಂದು ಒಂದು ಸಣ್ಣ ಕೊಳ ಉಳಿದುಕೊಂಡಿದೆ. ಬತ್ತಿದ ಕೆರೆಯೂ ಒಂದು ಕಾಲಕ್ಕೆ ಖಾಲಿ ಜಾಗವಾಗಿಯೇ ಕಂಡಿರಬೇಕು.

ಎರಡು ಪಕ್ಷದವರೂ ತಮಗರಿವಿಲ್ಲದೆ ಒಪ್ಪಿಕೊಂಡಿರುವುದು ಈ ‘ಖಾಲಿ’ ಎಂಬ ಮಾತನ್ನೇ ಎಂದು ನನ್ನ ಅಭಿಪ್ರಾಯ. ನಾಯಿ ಸಾಕಿದವರು, ಇಷ್ಟು ಜಾಗ ಸುಮ್ಮನೆ ಬಿದ್ದಿದೆ, ನಮಗೊಂದು ಮೂಲೆ ಕೊಟ್ಟರೇನು ಎನ್ನುತ್ತಾರೆ. ಎದುರಾಳಿಗಳಲ್ಲಿ ಅನೇಕರು, ಅದೇ ಜಾಗದಲ್ಲಿ ಮಕ್ಕಳಿಗೆ ಜಾರುಬಂಡೆ ಹಾಕಬಹುದಿತ್ತಲ್ಲ, ಹಿರಿಯರಿಗೆ ಬೆಂಚು ಹಾಕಬಹುದಿತ್ತಲ್ಲ ಎನ್ನುತ್ತಾರೆ. ಪಾಲಿಗೆ ಬಂದ ದಾಯಾದಿಗಳ ಹಾಗೆ ಇಬ್ಬರೂ ಅಳತೆಯ ಹಗ್ಗ ಹಿಡಿದು ನಿಂತಿದ್ದಾರೆ. ಎಲೆ ಬಿದ್ದು ಕೊಳೆಯುವುದಕ್ಕೆ, ಕೆಂಬೂತ ಹುಳು ಹುಡುಕುವುದಕ್ಕೆ, ಮಳೆ ಇಂಗುವುದಕ್ಕೆ ಆ ನೆಲ ಆಗಲೇ ಬಳಕೆಯಲ್ಲಿದೆಯೆಂಬುದನ್ನು ಪೊರಕೆ ಹಿಡಿದವಳೊಬ್ಬಳು ಹೇಳಬೇಕಾಯಿತು.

ಹಾಗಾದರೆ ನಾಯಿಗಳೆಲ್ಲಿ ಓಡಬೇಕು? ಬರ್ಕ್ಲಿಯವರು ಮೊದಲಿಗೆ ಹುಡುಕಿದಂಥ ನೆಲದಲ್ಲಿ ಎಂದು ನನ್ನ ಉತ್ತರ. ನಮ್ಮ ಊರಿನಲ್ಲೂ ನೆಲದಡಿಯ ರೈಲು ಹಾದುಹೋಗಿದೆ, ಮೇಲುಸೇತುವೆಗಳ ಕೆಳಗೆ ನೆಲವಿದೆ, ಬಡಾವಣೆಗಳಲ್ಲಿ ಕಟ್ಟಡದ ಅವಶೇಷ ಸುರಿದ ನಿವೇಶನಗಳಿವೆ. ಅಲ್ಲಿ ಬೇಲಿ ಹಾಕಿ, ಮಣ್ಣು ಹರಡಿ, ನೀರಿನ ತೊಟ್ಟಿಯಿಟ್ಟರೆ ರಾಜನಿಗೇನೂ ಕಡಿಮೆಯಾಗದು. ಕಬ್ಬನ್ ಪಾರ್ಕಿನಲ್ಲಿ ಈಗಿರುವ ಆವರಣವನ್ನು ಕಿತ್ತುಹಾಕಬೇಕೆಂದು ನಾನು ಹೇಳಲಾರೆ. ಅದು ಇರುವುದರಿಂದಲೇ ಮಿಕ್ಕ ಕಡೆ ನಾಯಿಗಳನ್ನು ಸರಪಳಿಯಲ್ಲಿಡಿ ಎಂದು ಗಟ್ಟಿಯಾಗಿ ಹೇಳಲು ಬಾಯಿ ಬರುತ್ತದೆ. ಎರಡನೆಯದು, ಮೂರನೆಯದು ಬೇಕೆಂದಾಗ ಮಾತ್ರ ನನ್ನ ಕೈ ಏಳುವುದಿಲ್ಲ. ಇದನ್ನು ಯಜಮಾನರಿಗೆ ಹೇಳಿದೆ. “ಸರಿಯಪ್ಪ, ಆದರೆ ಇವನಿಗೆ ಈಗ ಒಂಬತ್ತು ವರ್ಷ. ನಿಮ್ಮ ನಿವೇಶನ ಸಿದ್ಧವಾಗುವ ಹೊತ್ತಿಗೆ ಇವನಿರುತ್ತಾನಾ?” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಹಳ್ಳಿ ಶಿರಾ ಸೀಮೆಯದು. ಊರ ಮುಂದೆ ಒಂದು ಗುಂಡುತೋಪಿತ್ತು. ಅಜ್ಜಿಯ ಮಾತಿನಂತೆ ಅದರಲ್ಲಿ ನಲವತ್ತಕ್ಕೂ ಹೆಚ್ಚು ಹುಣಸೆ, ಹೊಂಗೆ, ಬೇವಿನ ಮರಗಳಿದ್ದುವು. ಹಾಲಿನ ಡೈರಿಗೆ ಜಾಗ ಬೇಕಾಯಿತು, ಕೊಟ್ಟರು. ಅಂಗನವಾಡಿಗೆ ಬೇಕಾಯಿತು, ನಾನು ಅಕ್ಷರ ಕಲಿತುದು ಅಲ್ಲಿಯೇ. ಆ ಮೇಲೆ ನೀರಿನ ಟ್ಯಾಂಕು, ಆ ಮೇಲೆ ಸಮುದಾಯ ಭವನ. ಈಗ ಉಳಿದಿರುವುದು ಏಳು ಮರ. ಹೋದ ತಿಂಗಳು ಅಪ್ಪ ಫೋನು ಮಾಡಿ, ತೋಪಿನಲ್ಲಿ ಉಳಿದ ಜಾಗದಲ್ಲಿ ಹುಡುಗರಿಗೆ ವ್ಯಾಯಾಮದ ಸಲಕರಣೆ ಹಾಕಿಸಬೇಕೆಂದು ಊರಿನವರು ಮಾತಾಡುತ್ತಿದ್ದಾರೆ, ನಾಲ್ಕು ಮರ ತೆಗೆದರೆ ಸಾಕಂತೆ, “ನೀನು ಓದಿದವನು, ಏನನ್ನುತ್ತೀ?” ಎಂದು ಕೇಳಿದರು. ಕೇಳುತ್ತಿರುವ ಹುಡುಗರೆಲ್ಲ ನನ್ನ ಜೊತೆ ಆಡಿ ಬೆಳೆದವರು. ಗ್ರಾಮಸಭೆ ಯಾವತ್ತೆಂದು ಕೇಳಿಕೊಂಡಿದ್ದೇನೆ. ಅಂದು ರಾಜನನ್ನು ಸುತ್ತಾಡಿಸಲು ಪಕ್ಕದ ಮನೆಯ ಹುಡುಗನಿಗೆ ಹೇಳಿ ಊರಿಗೆ ಹೋಗಬೇಕೆಂದಿದ್ದೇನೆ.